ಬ್ರಿಜಿಡ್ ಮತ್ತು ಐಸಿಸ್: ಇಂಬೋಲ್ಕ್ ದಿನ ಇಬ್ಬರಿಗೂ ಒಟ್ಟಿಗೆ ಪೂಜೆ ಮಾಡುವುದು ಹೇಗೆ?

ಹೊಳೆಸಾಲು:
ಐರ್ಲೆಂಡಿನ ಕಾರ್ಲೋ ಕೌಂಟಿಯ ಪೇಗನ್ (ಕ್ರೈಸ್ತಪೂರ್ವ ದೇವತೆಗಳನ್ನು ಪೂಜಿಸುವ) ಬಳಗವೊಂದು ಫೆಬ್ರುವರಿ 1ರ ಇಂಬೋಲ್ಕ್ ಎಂಬ ವಸಂತಾರಂಭದ ಹಬ್ಬಕ್ಕೆ ಬ್ರಿಜಿಡ್ ಮತ್ತು ಐಸಿಸ್ ಇಬ್ಬರಿಗೂ ಒಂದೇ ಮೇಜಿನ ಮೇಲೆ ಪೂಜೆ ಇಟ್ಟುಕೊಂಡಿದೆ. ತಯಾರಿ ನನ್ನ ಪಾಲಿಗೆ ಬಂದಿದೆ. ಬ್ರಿಜಿಡ್ ಕೆಲ್ಟಿಕ್ ದೇವಿ, ಐಸಿಸ್ ಈಜಿಪ್ಟಿನವಳು. ಹೀಗೆ ಜೊತೆಗೂಡಿಸುವುದಕ್ಕೆ ಹಿಂದಿನ ಆಧಾರ ಏನಾದರೂ ಇದೆಯೇ? ಜೊಂಡಿನಲ್ಲಿ ಬ್ರಿಜಿಡ್ ಹೆಸರಿನ ನಾಲ್ಕು ತೋಳಿನ ಶಿಲುಬೆ ಹೆಣೆದರೆ ಎರಡೇ ದಿನದಲ್ಲಿ ನಡು ಸಡಿಲವಾಗುತ್ತಿದೆ, ಏಕೆ? ಐಸಿಸ್ ಪೂಜೆಗೆ ಬೇಕಾದ ನೇಟ್ರಾನ್ (ಶುದ್ಧಿಗೆ ಬಳಸುವ ಸೋಡಾ-ಉಪ್ಪಿನ ಮಿಶ್ರಣ) ಮನೆಯಲ್ಲೇ ಮಾಡಿಕೊಳ್ಳಬಹುದೇ? ಹಬ್ಬದ ನಂತರ ಬ್ರಿಜಿಡ್ ಹೆಸರಲ್ಲಿ ಒಬ್ಬೊಬ್ಬರು ಒಂದೊಂದು ದಿನ ಜ್ವಾಲೆ ಕಾಯುವ ದೀಪದ ಸರದಿಯನ್ನೂ ಶುರುಮಾಡಬೇಕೆಂದಿದ್ದಾರೆ. ಗೊತ್ತಿದ್ದವರು ವಿವರವಾಗಿ ತಿಳಿಸಿ.

ಗರಿಕೆ:
ಪ್ರಾಚೀನ ಐರ್ಲೆಂಡಿನಲ್ಲಿ ಇವರಿಬ್ಬರನ್ನು ಜೊತೆಗಿಟ್ಟು ಪೂಜಿಸಿದ ಕುರುಹಿಲ್ಲ. ಐಸಿಸ್ ರೋಮನ್ನರ ಜೊತೆ ಲಂಡನ್ನಿನವರೆಗೆ ಬಂದಿದ್ದಳು. ಅಲ್ಲಿನ ಸದರ್ಕ್‌ನಲ್ಲಿ ಸಿಕ್ಕ ಮಣ್ಣಿನ ಹೂಜಿಯೊಂದರ ಮೇಲೆ ಅವಳ ಗುಡಿಯ ಉಲ್ಲೇಖ ಗೀರಿದೆ. ಐರ್ಲೆಂಡ್ ಮಾತ್ರ ರೋಮನ್ ಆಳ್ವಿಕೆಗೆ ಒಳಪಡಲಿಲ್ಲ.

ಈ ಕಾಲದ ಆಧಾರ ಬೇಕಿದ್ದರೆ ನಿಮ್ಮ ಕಾರ್ಲೋದಲ್ಲೇ ಇದೆ. ಕ್ಲೊನೆಗಲ್ ಊರಿನ ಹಂಟಿಂಗ್ಟನ್ ಕೋಟೆಯಲ್ಲಿ 1976ರ ವಸಂತ ವಿಷುವದಂದು ಒಲಿವಿಯಾ ರಾಬರ್ಟ್‌ಸನ್, ಅವರ ತಮ್ಮ ಲಾರೆನ್ಸ್ ಡರ್ಡಿನ್-ರಾಬರ್ಟ್‌ಸನ್, ಲಾರೆನ್ಸರ ಪತ್ನಿ ಪಮೇಲಾ ಸೇರಿ ‘ಫೆಲೋಶಿಪ್ ಆಫ್ ಐಸಿಸ್’ ಸ್ಥಾಪಿಸಿದರು. ಲಾರೆನ್ಸ್ ಆಂಗ್ಲಿಕನ್ ಪಾದ್ರಿಯಾಗಿದ್ದವರು. ಕೋಟೆಯ ನೆಲಮಾಳಿಗೆಯೇ ದೇಗುಲ, ಅದರೊಳಗೆ ಒಂದು ಬಾವಿ. ಸದಸ್ಯರಾಗಲು ಶುಲ್ಕವಿಲ್ಲ, ಪ್ರತಿಜ್ಞೆ ಇಲ್ಲ. ಎಲ್ಲ ನಾಡಿನ ದೇವಿಯರಿಗೂ ಅಲ್ಲಿ ಜಾಗವಿದೆ. 1993ರಲ್ಲಿ ಷಿಕಾಗೋದಲ್ಲಿ ನಡೆದ ವಿಶ್ವಧರ್ಮ ಸಮ್ಮೇಳನದಲ್ಲೂ ಒಲಿವಿಯಾ ಭಾಗವಹಿಸಿದ್ದರು. ನಿಮ್ಮ ಬಳಗ ಅನುಸರಿಸುತ್ತಿರುವುದು ಹೆಚ್ಚುಕಡಿಮೆ ಈ ದಾರಿಯನ್ನೇ. ಐವತ್ತು ವರ್ಷದ ಪರಂಪರೆ ಎಂದು ನೇರವಾಗಿ ಹೇಳಿಕೊಳ್ಳಿ, ಅದರಲ್ಲಿ ಕೊರತೆ ಏನಿಲ್ಲ. ಐದು ಸಾವಿರ ವರ್ಷದ್ದೆಂದು ಕರಪತ್ರದಲ್ಲಿ ಹಾಕಬೇಡಿ.

ಕರಪತ್ರ ಬರೆಯುವವರಿಗೆ ಇನ್ನೆರಡು ಮಾತು. ಬ್ರಿಜಿಡ್ ದೇವಿಯ ಬಗ್ಗೆ ಮುಖ್ಯ ಆಧಾರ ಸುಮಾರು 900ರ ಕಾರ್ಮಕ್ ನಿಘಂಟು. ಅದರ ಪ್ರಕಾರ ಅವಳು ದಗ್ದ ಎಂಬ ಐರಿಶ್ ದೇವರ ಮಗಳು, ಕವಿಗಳ ದೇವಿ. ಅದೇ ಹೆಸರಿನ ಇಬ್ಬರು ಸೋದರಿಯರಲ್ಲಿ ಒಬ್ಬಳು ವೈದ್ಯದವಳು, ಇನ್ನೊಬ್ಬಳು ಕಮ್ಮಾರಿಕೆಯವಳು. ಮೂವರೂ ಸಮಾನರು. ಇವರ ಮೇಲೆ ಕನ್ಯೆ, ತಾಯಿ, ಮುದುಕಿ ಎಂಬ ಮೂರು ವಯಸ್ಸಿನ ಚೌಕಟ್ಟು ಹೇರಬೇಡಿ. ಅದನ್ನು ಜನಪ್ರಿಯಗೊಳಿಸಿದ್ದು 1948ರ ರಾಬರ್ಟ್ ಗ್ರೇವ್ಸ್ ಪುಸ್ತಕ. ಐಸಿಸ್ ವಿಷಯದಲ್ಲೂ ಪರಂಪರೆ ಕಡಿದುಹೋದದ್ದೇ. ಈಜಿಪ್ಟಿನ ಫಿಲೇ ದ್ವೀಪದ ಅವಳ ಗುಡಿಯಲ್ಲಿ ಕೊನೆಯ ಚಿತ್ರಲಿಪಿ ಶಾಸನ ಕೆತ್ತಿದ್ದು 394ರಲ್ಲಿ, ಆರನೇ ಶತಮಾನದಲ್ಲಿ ರೋಮನ್ ಸಾಮ್ರಾಟ ಜಸ್ಟಿನಿಯನ್ ಆ ಗುಡಿ ಮುಚ್ಚಿಸಿದ.

ನಮ್ಮವರಿಗೆ ಆಸಕ್ತಿ ಇರಬಹುದಾದ ಸಂಗತಿ: ಕನ್ನಡ ಮಾತುಗಳಿವೆಯೆಂದು ಗೋವಿಂದ ಪೈಗಳ ಕಾಲದಿಂದ ಚರ್ಚೆಯಾಗಿರುವ ಆ ಗ್ರೀಕ್ ಪ್ರಹಸನ ಸಿಕ್ಕ ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಹಳೆಯ ತಿಪ್ಪೆಗಳಲ್ಲೇ ಐಸಿಸ್ ಸ್ತುತಿಯ ಪಪೈರಸ್ ಒಂದೂ ಸಿಕ್ಕಿದೆ. ಆಕ್ಸಿರಿಂಕಸ್ ಪಪೈರಸ್ ಪಟ್ಟಿಯಲ್ಲಿ ಪ್ರಹಸನದ ಸಂಖ್ಯೆ 413, ಸ್ತುತಿಯದು 1380. ಯಾವ ನಾಡಿನಲ್ಲಿ ಅವಳಿಗೆ ಯಾವ ಹೆಸರು ಎಂದು ಪಟ್ಟಿ ಕೊಡುವಾಗ ಭಾರತೀಯರಲ್ಲಿ ‘ಮಾಯಾ’ ಎನ್ನುತ್ತದೆ ಆ ಸ್ತುತಿ.

ಜೊಂಡುಕಟ್ಟೆ:
ಶಿಲುಬೆಯ ವಿಷಯ ನಾನು ಹೇಳುತ್ತೇನೆ. ಹಸಿ ಜೊಂಡು ಒಣಗುವಾಗ ತೆಳ್ಳಗಾಗುತ್ತದೆ, ಅದಕ್ಕೇ ನಡು ಸಡಿಲ. ಇದನ್ನು ಪೂರ್ತಿ ತಪ್ಪಿಸಲಾಗದು, ಆದರೆ ಬಹಳಷ್ಟು ಕಡಿಮೆ ಮಾಡಬಹುದು.

ಒದ್ದೆ ಹೊಲದಂಚಿನಲ್ಲಿ ಬೆಳೆಯುವ ಮೆತ್ತನೆಯ ಜೊಂಡು ತನ್ನಿ. ಕತ್ತರಿಸದೆ ಬುಡದಿಂದ ಎಳೆದು ಕೀಳುವುದು ವಾಡಿಕೆ. ಒಂದು ಶಿಲುಬೆಗೆ ಒಂದಡಿಗೂ ಮಿಕ್ಕಿ ಉದ್ದದ 20ರಿಂದ 28 ಕಡ್ಡಿ ಸಾಕು. ದಪ್ಪ ಒಂದೇ ಸಮ ಇರಲಿ. ಒಂದು ರಾತ್ರಿ ನೆರಳಲ್ಲಿ ಹರಡಿ ಬಾಡಿಸಿ. ಪೂರ್ತಿ ಒಣಗಿದ್ದು ಮಡಿಸುವಾಗ ಸೀಳುತ್ತದೆ, ತೀರ ಹಸಿಯದು ಆಮೇಲೆ ಸಡಿಲವಾಗುತ್ತದೆ.

ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿಯಿರಿ. ಎರಡನೆಯದನ್ನು ಅದರ ನಡುವಿಗೆ ಸುತ್ತಿ ಅರ್ಧಕ್ಕೆ ಮಡಿಸಿ, ತುದಿಗಳೆರಡೂ ಬಲಕ್ಕೆ ಬರಲಿ. ನಡುವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದುಕೊಂಡೇ ಇಡೀ ಕಟ್ಟನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಬಲಕ್ಕಿದ್ದವು ಈಗ ಮೇಲಕ್ಕೆ ಬಂದವು. ಮೇಲ್ಮುಖವಾಗಿರುವ ಅಷ್ಟೂ ಕಡ್ಡಿಗಳಿಗೆ ಸುತ್ತಿ ಮುಂದಿನ ಕಡ್ಡಿ ಮಡಿಸಿ, ತುದಿ ಮತ್ತೆ ಬಲಕ್ಕೆ. ತಿರುಗಿಸಿ, ಮಡಿಸಿ, ಹೀಗೇ ಕೊನೆಯವರೆಗೆ. ಸಾಮಾನ್ಯವಾಗಿ ಆಗುವ ತಪ್ಪು ಎರಡು. ನಡುವೆ ಒಮ್ಮೆ ಉಲ್ಟಾ ತಿರುಗಿಸಿದರೆ ನಡುವಿನ ಚೌಕ ಅಲ್ಲಿಗೇ ಕೆಡುತ್ತದೆ. ಇನ್ನೊಂದು, ಹೊಸ ಮಡಿಕೆಯನ್ನು ಹಿಂದಿನದಕ್ಕೆ ತಾಗುವಂತೆ ನಡುವಿಗೆ ತಳ್ಳದೇ ಇರುವುದು. ಪ್ರತಿ ಮಡಿಕೆಯನ್ನೂ ಉಗುರಿನಿಂದ ಒತ್ತಿ ಸರಿಸಿ.

ನಾಲ್ಕೂ ತೋಳಿಗೆ ಮೊದಲು ರಬ್ಬರ್ ಬ್ಯಾಂಡ್ ಹಾಕಿ. ಜೊಂಡು ಕುಗ್ಗಿದಂತೆ ಅದೂ ಬಿಗಿಯುತ್ತದೆ. ವಾರದ ನಂತರ ನೂಲಿನಿಂದ ಕಟ್ಟಿ, ರಬ್ಬರ್ ತೆಗೆದು, ತುದಿಗಳನ್ನು ಸಮ ಕತ್ತರಿಸಿ. ಜೊಂಡು ಸಿಗದಿದ್ದರೆ ಗೋಧಿ ಹುಲ್ಲೂ ಆದೀತು, ಅದನ್ನು ಮಾತ್ರ ಚೆನ್ನಾಗಿ ನೆನೆಸಿಯೇ ಬಳಸಬೇಕು. ಹೆಣೆಯುವುದು ಹಬ್ಬದ ಹಿಂದಿನ ಸಂಜೆ, ಜನವರಿ 31ಕ್ಕೆ. ಹಾಗಾಗಿ ಹಬ್ಬದ ದಿನ ಅದರ ಮೇಲೆ ರಬ್ಬರ್ ಬ್ಯಾಂಡ್ ಇದ್ದರೂ ಚಿಂತೆಯಿಲ್ಲ.

ನಂದಾದೀಪ:
ದೀಪದ ಸರದಿ 19 ಜನರದು, ಚಕ್ರ 20 ದಿನದ್ದು. ಹನ್ನೆರಡನೇ ಶತಮಾನದಲ್ಲಿ ಜೆರಾಲ್ಡ್ ಆಫ್ ವೇಲ್ಸ್ ಎಂಬ ಪಾದ್ರಿ ಬರೆದ ವರದಿ ಇದರ ಮೂಲ. ಐರ್ಲೆಂಡಿನ ಕಿಲ್ಡೇರ್‌ನಲ್ಲಿ 19 ಸನ್ಯಾಸಿನಿಯರು ಒಂದೊಂದು ರಾತ್ರಿ ಬೆಂಕಿ ಕಾಯುತ್ತಾರೆ, 20ನೆಯ ರಾತ್ರಿಯನ್ನು ದೇವಿಯ ಹೆಸರನ್ನೇ ಹೊತ್ತ ಸಂತ ಬ್ರಿಜಿಡ್‌ಗೇ ಬಿಡುತ್ತಾರೆ ಎಂದು ಅವನ ಮಾತು. ಅವರು ಕ್ರೈಸ್ತ ಸನ್ಯಾಸಿನಿಯರು ಎನ್ನುವುದು ನೆನಪಿರಲಿ. ಬ್ರಿಜಿಡೀನ್ ಸಿಸ್ಟರ್ಸ್ ಅದೇ ಊರಲ್ಲಿ 1993ರಲ್ಲಿ ಆ ಜ್ವಾಲೆಯನ್ನು ಮತ್ತೆ ಹೊತ್ತಿಸಿದರು. ಈಗ ಅದು ಅವರ ಸೊಲಸ್ ವ್ರಿಜೆ ಕೇಂದ್ರದಲ್ಲಿದೆ. ಹೋದರೆ ಅದು ಕ್ಯಾಥೊಲಿಕ್ ಸಿಸ್ಟರುಗಳ ಜಾಗ ಎಂಬ ಗೌರವ ಇಟ್ಟುಕೊಂಡು ಹೋಗಿ.

ಒಬ್ಬರ ಪಾಳಿ ಸೂರ್ಯಾಸ್ತದಿಂದ ಮರುದಿನದ ಸೂರ್ಯಾಸ್ತದವರೆಗೆ. ಐರ್ಲೆಂಡಿನಲ್ಲಿ ಇಂಬೋಲ್ಕ್ ಹೊತ್ತಿಗೆ ಸೂರ್ಯಾಸ್ತ ಸಂಜೆ 5ರ ಸುಮಾರಿಗೆ, ಜೂನ್ ಕೊನೆಗೆ ರಾತ್ರಿ 10ರ ಹತ್ತಿರ. ಗಡಿಯಾರದ ಗಂಟೆ ನಿಗದಿ ಮಾಡಿದರೆ ಬೇಸಿಗೆಯಲ್ಲಿ ಗೊಂದಲ ಗ್ಯಾರಂಟಿ. ವರ್ಷಕ್ಕೆ 18 ಚಕ್ರ ಮುಗಿದು 5 ದಿನ ಉಳಿಯುತ್ತದೆ. ಆದ್ದರಿಂದ ‘ಪ್ರತಿ ತಿಂಗಳ ಇಂಥ ತಾರೀಖು’ ಎಂದು ಹಂಚದೆ ಇಡೀ ವರ್ಷದ ತಾರೀಖುಗಳನ್ನು ಒಮ್ಮೆಗೇ ಬರೆದು ಎಲ್ಲರಿಗೂ ಕೊಡಿ. ಜನ ಸಾಲದಿದ್ದರೆ ಒಬ್ಬರೇ ಎರಡು ಪಾಳಿ ಹಿಡಿಯಲಿ. 20ನೆಯದನ್ನು ಮಾತ್ರ ಯಾರಿಗೂ ಕೊಡಬೇಡಿ.

ಮಲಗುವಾಗ ಮೇಣದ ಬತ್ತಿ ಆರಿಸಿ, ಎದ್ದು ಹೊತ್ತಿಸಿ. ಬಾಡಿಗೆ ಮನೆಯಲ್ಲಿ ರಾತ್ರಿಯಿಡೀ ಬೆಂಕಿ ಬಿಡುವುದು ಭಕ್ತಿಯಲ್ಲ, ಅಪಾಯ. ಬತ್ತಿಯನ್ನು ಮರಳು ತುಂಬಿದ ಅಗಲ ಬಟ್ಟಲಲ್ಲಿ ನಿಲ್ಲಿಸಿ. ಜೊಂಡಿನ ಶಿಲುಬೆ ಅದರ ಮೇಲೆ ನೇತಾಡದಿರಲಿ, ಒಣಗಿದ ಮೇಲೆ ಅದು ಬೇಗ ಹೊತ್ತಿಕೊಳ್ಳುತ್ತದೆ.

ನೀಲಕೊಳ:
ನೇಟ್ರಾನ್ ಮನೆಯಲ್ಲೇ ಆಗುತ್ತದೆ. ಅರ್ಧ ಕಪ್ ಅಡುಗೆ ಸೋಡಾ, ಅರ್ಧ ಕಪ್ ಉಪ್ಪು, ಎರಡು ಕಪ್ ನೀರು. ಸ್ಟೀಲ್ ಪಾತ್ರೆಯಲ್ಲಿ ಕರಗಿಸಿ ಸಣ್ಣ ಉರಿಯಲ್ಲಿ ನೀರು ಇಂಗಿಸಿ. ಗಟ್ಟಿಯಾದ ಮೇಲೆ ತಟ್ಟೆಯಲ್ಲಿ ಹರಡಿ, ಒಣಗಿಸಿ, ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ. ಸೋಡಾ ಕಾದಂತೆ ಒಂದಷ್ಟು ಕಾರ್ಬೊನೇಟ್ ಆಗುತ್ತದೆ, ಅದು ಅಲ್ಯುಮಿನಿಯಂ ತಿನ್ನುತ್ತದೆ. ಉರಿ ಜಾಸ್ತಿಯಾದರೆ ಕೊನೆಗೆ ಸಿಡಿಯುತ್ತದೆ, ಮುಖ ದೂರವಿರಲಿ. ಒಂದು ಬಟ್ಟಲು ನೀರಿಗೆ ಒಂದು ಚಿಟಿಕೆ ಸಾಕು. ಕೈ ತೊಳೆದು, ಬಾಯಿ ಮುಕ್ಕಳಿಸಿ ಉಗಿಯಿರಿ, ನುಂಗಬೇಡಿ. ಬಟ್ಟೆ ಒಗೆಯುವ ಸೋಡಾವನ್ನು ಇದರ ಬದಲಿಗೆ ಬಳಸಬಾರದು, ಬಾಯಿ ಸುಡುತ್ತದೆ.

ಕೆಮೆಟಿಕ್ (ಹಳೆಯ ಈಜಿಪ್ಟಿನ ಧರ್ಮವನ್ನು ಈಗ ಆಚರಿಸುವ) ಬಳಗಗಳ ಮನೆಪೂಜೆ ಹೆಚ್ಚುಕಡಿಮೆ ಹೀಗೆ: ಶುದ್ಧಿ, ಬಿಳಿ ಬಟ್ಟೆ, ದೀಪ, ಧೂಪ, ನೀರು ಎರೆಯುವುದು, ರೊಟ್ಟಿ ಹಾಲು ಇಡುವುದು, ಪ್ರಾರ್ಥನೆ, ಆಮೇಲೆ ಇಟ್ಟದ್ದನ್ನು ತಿನ್ನುವುದು. ನಮ್ಮ ನೈವೇದ್ಯ ಪ್ರಸಾದವಾಗುವ ಹಾಗೆ ಈಜಿಪ್ಟಿನ ಗುಡಿಗಳಲ್ಲೂ ಎಡೆ ಕೊನೆಗೆ ಪೂಜಾರಿಗಳಿಗೇ ಹೋಗುತ್ತಿತ್ತು. ಮುಗಿಸಿ ಹೊರಡುವಾಗ ಹಿಂದೆ ಹಿಂದೆ ಸರಿಯುತ್ತ ತಮ್ಮ ಹೆಜ್ಜೆಗುರುತನ್ನು ಸಣ್ಣ ಪೊರಕೆಯಿಂದ ಗುಡಿಸಿಬಿಡುವುದು ಹಳೆಯ ಗುಡಿಗಳ ಕ್ರಮ, ಈಗಲೂ ಕೆಲವರು ಪಾಲಿಸುತ್ತಾರೆ. ಬಹಳ ಚೆಂದದ ಕ್ರಮ, ಬಿಡಬೇಡಿ.

ಧೂಪಕ್ಕೆ ಫ್ರಾಂಕಿನ್ಸೆನ್ಸ್ (ಮರದ ಸುಗಂಧದ ಅಂಟು) ಬಟಾಣಿ ಗಾತ್ರದ ಎರಡು ಮೂರು ಹರಳು ಸಾಕು. ಇದ್ದಿಲ ಬಿಲ್ಲೆಯ ಮೇಲೆ ಬೂದಿ ಕಟ್ಟುವವರೆಗೆ ಕಾಯಿರಿ. ಅದಕ್ಕೂ ಮೊದಲೇ ಹಾಕಿದರೆ ಬೇಗ ಹೊತ್ತಲೆಂದು ಬಿಲ್ಲೆಗೆ ಸೇರಿಸಿದ ಮದ್ದಿನ ವಾಸನೆಯೇ ಮೇಲಾಗಿ ಪರಿಮಳ ಕೆಡುತ್ತದೆ.

ಹೊಳೆಸಾಲು:
ಎಲ್ಲರಿಗೂ ಧನ್ಯವಾದ. ಬ್ರಿಜಿಡ್‌ಗೆಂದು ಹಬ್ಬದ ಹಿಂದಿನ ರಾತ್ರಿ ಹೊರಗಿಡುವ ‘ಬ್ರಾಟ್’ ಬಟ್ಟೆಗೆ ಉಣ್ಣೆಯ ಶಾಲು ತಂದಿದ್ದಾರೆ. ಅದನ್ನೇ ಮೇಜಿಗೆ ಹಾಸಬಹುದೇ? ಉಳಿದ ಹಾಲನ್ನು ಬ್ರಿಜಿಡ್ ಹೆಸರಿನ ಪವಿತ್ರ ಬಾವಿಗೆ ಎರೆದು ಅಲ್ಲಿನ ಮರಕ್ಕೆ ರಿಬ್ಬನ್ ಕಟ್ಟೋಣ ಎಂದೂ ಒಬ್ಬರು ಹೇಳುತ್ತಿದ್ದಾರೆ.

ಗರಿಕೆ:
ಉಣ್ಣೆ ಬೇಡ. ಈಜಿಪ್ಟಿನ ಗುಡಿಯೊಳಗೆ ಉಣ್ಣೆ ಒಯ್ಯುವುದಿಲ್ಲ ಎಂದು ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ, ಐಸಿಸ್ ಪೂಜಾರಿಗಳು ಲಿನನ್ (ಅಗಸೆ ನಾರಿನ) ಬಟ್ಟೆಯನ್ನೇ ಉಡುತ್ತಿದ್ದರೆಂದು ಗ್ರೀಕ್ ಲೇಖಕ ಪ್ಲುಟಾರ್ಕ್. ಬ್ರಾಟ್‌ಗೆ ಲಿನನ್ ತುಂಡೂ ನಡೆಯುತ್ತದೆ, ಆಗ ಇಬ್ಬರಿಗೂ ಸಲ್ಲುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಮೇಜಾದರೂ ದೀಪ, ಬಟ್ಟಲು, ತಟ್ಟೆ ಬೇರೆ ಬೇರೆ ಇಡಿ. ಮೊದಲು ಒಬ್ಬಳ ಪೂಜೆ ಪೂರ್ತಿ ಮುಗಿಸಿ ಇನ್ನೊಬ್ಬಳದನ್ನು ಶುರುಮಾಡಿ.

ಬಾವಿಗೆ ಹಾಲು ಎರೆಯಬೇಡಿ, ನೀರು ಕೊಳೆಯುತ್ತದೆ. ಹಾಲು ಕುಡಿಯಿರಿ, ಇಲ್ಲವೇ ಹೊಲದ ಮಣ್ಣಿಗೆ ಹಾಕಿ. ಅಂಗಡಿಯ ರಿಬ್ಬನ್ ಪಾಲಿಯೆಸ್ಟರ್, ಕೊಳೆಯುವುದಿಲ್ಲ. ಕೊಂಬೆ ದಪ್ಪವಾದಂತೆ ತೊಗಟೆಯನ್ನು ಕೊಯ್ದು ಕೊಂಬೆಯನ್ನೇ ಸಾಯಿಸುತ್ತದೆ. ಇಂಥ ಮರಗಳ ಹಳೆಯ ನಂಬಿಕೆ, ಬಟ್ಟೆ ಕೊಳೆತಂತೆ ಕಾಯಿಲೆಯೂ ಕರಗುತ್ತದೆ ಎಂದು. ಕೊಳೆಯದ ಬಟ್ಟೆ ಕಟ್ಟಿದರೆ ಆಚರಣೆಯ ಉದ್ದೇಶವೇ ಹೋಯಿತು. ಕಟ್ಟಲೇಬೇಕೆಂದರೆ ಬಣ್ಣ ಹಾಕದ ಹತ್ತಿಯ ಅಗಲ ಕಿರಿದಾದ ಪಟ್ಟಿ ತೆಗೆದುಕೊಂಡು, ಗಂಟು ಬಿಗಿಯದೆ ಸಡಿಲವಾಗಿ ಸುತ್ತಿ ಬನ್ನಿ.