ಸಹಾಯ ಬೇಕು: ಜಾಂಗೋದಲ್ಲಿ ನೋಟಿಫಿಕೇಶನ್ ವಾಕ್ಯವನ್ನು ಡೇಟಾಬೇಸ್‌ನಲ್ಲಿ ಹೇಗೆ ಇಡೋದು?

ನಮಸ್ಕಾರ. ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) 4.2, ಭಾಷೆಗಳು ಕನ್ನಡ ಮತ್ತು ಇಂಗ್ಲಿಷ್. ಟೆಂಪ್ಲೇಟ್‌ನಲ್ಲಿರೋ ಸಂದೇಶಗಳು ಪಿಒ ಫೈಲ್‌ನಿಂದ (ಮೂಲ ವಾಕ್ಯ, ಅದರ ಅನುವಾದ ಇರೋ ಫೈಲ್) ಸರಿಯಾಗೇ ಬರ್ತಿವೆ. ತೊಂದರೆ ಇರೋದು ಡೇಟಾಬೇಸ್‌ನಲ್ಲಿ ಉಳಿಸೋ ನೋಟಿಫಿಕೇಶನ್‌ಗಳದ್ದು.

ಮೊದಲು ಅನುವಾದವಾದ ವಾಕ್ಯವನ್ನೇ ಉಳಿಸಿ ನೋಡಿದ್ದಾಯ್ತು. ಅವನ್ನ ಬರೆಯೋ ಸೆಲರಿ ಟಾಸ್ಕ್‌ನಲ್ಲಿ (ಹಿನ್ನೆಲೆಯಲ್ಲಿ ನಡೆಯೋ ಕೆಲಸ) ಬಳಕೆದಾರರ ಭಾಷೆ ತಿಳಿಸೋ ರಿಕ್ವೆಸ್ಟ್ ಇರಲ್ಲ, ಹಾಗಾಗಿ ಎಲ್ಲವೂ ಡೀಫಾಲ್ಟ್ ಇಂಗ್ಲಿಷ್‌ನಲ್ಲೇ ಕೂತವು. ಬಳಕೆದಾರರ ಭಾಷೆಯನ್ನ ಕೋಡ್‌ನಲ್ಲೇ ಹೇಳೋ ಟ್ರಾನ್ಸ್‌ಲೇಶನ್ ಓವರ್‌ರೈಡ್ ಹಾಕಿದ ಮೇಲೆ ಅದು ಸರಿಹೋಯ್ತು. ಆದ್ರೆ ಬಳಕೆದಾರರು ಆಮೇಲೆ ಭಾಷೆ ಬದಲಿಸಿದ್ರೆ ಹಳೇವು ಬದಲಾಗಲ್ಲ.

ಈಗ ಮೂಲ ಇಂಗ್ಲಿಷ್ ವಾಕ್ಯ ಒಂದು ಕಾಲಂನಲ್ಲಿ, ಹೆಸರು, ಮೊತ್ತ ಇತ್ಯಾದಿ ಜೇಸನ್ ಕಾಲಂನಲ್ಲಿ. ತೋರಿಸೋವಾಗ ಗೆಟ್‌ಟೆಕ್ಸ್ಟ್ (ಅನುವಾದ ಹುಡುಕಿ ಕೊಡೋ ಫಂಕ್ಷನ್). ವೇರಿಯಬಲ್ ಒಳಗಿರೋ ವಾಕ್ಯ ಮೇಕ್‌ಮೆಸೇಜಸ್ (ಕೋಡ್‌ನಿಂದ ವಾಕ್ಯ ಹೆಕ್ಕಿ ಪಿಒ ಫೈಲ್‌ಗೆ ಹಾಕೋ ಕಮಾಂಡ್) ಕಣ್ಣಿಗೆ ಬೀಳಲ್ಲ, ಅದಕ್ಕೆ ಕೋಡ್‌ನಲ್ಲಿ ವಾಕ್ಯಕ್ಕೆ ಅನುವಾದಿಸದೆ ಬರೀ ಗುರುತು ಹಾಕೋ ಗೆಟ್‌ಟೆಕ್ಸ್ಟ್ ನೂಪ್ ಹಾಕಿದೆ.

ಸಿಕ್ಕಿಕೊಂಡಿರೋದು ಇಲ್ಲಿ: ಕೋಡ್‌ನಲ್ಲಿ ಒಂದು ಅಲ್ಪವಿರಾಮ ತಿದ್ದಿದ್ರೂ ಹಳೇ ವಾಕ್ಯ ಪಿಒ ಫೈಲ್‌ನಲ್ಲಿ ಬರೀ ಕಾಮೆಂಟ್ ಆಗಿ ಉಳಿಯುತ್ತೆ, ಎಂಒ ಫೈಲ್‌ಗೆ (ಪಿಒದಿಂದ ಕಂಪೈಲ್ ಆಗಿ ಜಾಂಗೋ ಓದೋ ಫೈಲ್) ಸೇರಲ್ಲ. ಹಳೇ ಸಾಲುಗಳೆಲ್ಲ ಮತ್ತೆ ಇಂಗ್ಲಿಷ್!

ವಾಕ್ಯದ ಬದಲು ಬದಲಾಗದ ಒಂದು ಕೀ ಉಳಿಸಿ, ಪೈಥಾನ್ ಡಿಕ್ಷನರಿಯಿಂದ ವಾಕ್ಯ ತೆಗೆಯೋದು ಸರಿನಾ? ಹಾಗಾದ್ರೆ ವಾಕ್ಯದಲ್ಲಿ ಹೆಸರು, ಮೊತ್ತ ಕೂರೋ ಪ್ಲೇಸ್‌ಹೋಲ್ಡರ್‌ನ ಹೆಸರು ಬದಲಾದಾಗ ಹಳೇ ಜೇಸನ್‌ನಿಂದ ಕೀಎರರ್ (ಆ ಹೆಸರು ಸಿಗಲಿಲ್ಲ ಅನ್ನೋ ದೋಷ) ಬರದ ಹಾಗೆ ಏನು ಮಾಡ್ತೀರಿ: ಕೀಗೆ ಆವೃತ್ತಿ ಸಂಖ್ಯೆ ಸೇರಿಸ್ತೀರಾ, ಇಲ್ಲಾ ಡೇಟಾ ಮೈಗ್ರೇಶನ್ ಬರೀತೀರಾ?