ಬಳ್ಳಾರಿಯಿಂದ ಶಿವಮೊಗ್ಗಕ್ಕೆ ವರ್ಗ: ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಯಾವ ಏರಿಯಾದಲ್ಲಿ ಮನೆ ಹಿಡಿಯೋದು?

ಪ್ರಶ್ನೆ

ನಮಸ್ಕಾರ ಸರ್. ನಾವು ಬಳ್ಳಾರಿಯವರು. ಬ್ಯಾಂಕಿನಲ್ಲಿ ನನಗೆ ಬಡ್ತಿ ಕೊಟ್ಟು ಶಿವಮೊಗ್ಗಕ್ಕೆ ಹಾಕಿದ್ದಾರೆ, ನೆಹರೂ ರಸ್ತೆ ಹತ್ತಿರದ ಶಾಖೆ. ನಮ್ಮನೆಯವರಿಗೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿದೆ. ಮಗಳು ಎಂಟನೇ ಕ್ಲಾಸಿಗೆ, ಮಗ ಒಂದನೇ ಕ್ಲಾಸಿಗೆ. ಅತ್ತೆಗೆ 71, ಉಬ್ಬಸ ಇದೆ, ಮೊಣಕಾಲು ನೋವು ಬೇರೆ, ಹಾಗಾಗಿ ಮಹಡಿ ಮನೆ ಆಗಲ್ಲ. ಬಾಡಿಗೆ 15 ಸಾವಿರದೊಳಗೆ ಇರಬೇಕು.

ಹೋದ ವಾರ ಎರಡು ದಿನ ಬಂದು ನೋಡಿದ್ವಿ. ಒಬ್ಬರು ವಿನೋಬನಗರ ಅಂತಾರೆ, ಇನ್ನೊಬ್ಬರು ಗೋಪಾಳ ಅಂತಾರೆ. ಬ್ರೋಕರ್ ಸವಳಂಗ ರಸ್ತೆ ಕಡೆ ಹೊಸ ಲೇಔಟ್ ತೋರಿಸಿದ್ರು. ವಿದ್ಯಾನಗರದಲ್ಲಿ ಒಂದು ಕೆಳಮನೆ ಹೊಸ ಪೇಂಟ್ ಹೊಡೆದು ಫಳಫಳ ಅಂತಿತ್ತು. ಮಾಚೇನಹಳ್ಳಿಗೆ ಹತ್ತಿರ ಅಂತ ನಮ್ಮನೆಯವರಿಗೆ ಅದೇ ಮನಸ್ಸಿಗೆ ಬಂದಿದೆ, ಅಡ್ವಾನ್ಸ್ ಕೊಟ್ಟುಬಿಡೋಣ ಅಂತಿದ್ದಾರೆ. ನಮ್ಮ ಕಡೆ ಮಳೆ ಅಂದ್ರೆ ಹಬ್ಬ. ನಿಮ್ಮ ಕಡೆ ಮಳೆಗಾಲ ಹೆಂಗಿರತ್ತೋ ಗೊತ್ತಿಲ್ಲ. ಜೂನ್ ಒಂದರೊಳಗೆ ಬರಬೇಕು. ಯಾವ ಏರಿಯಾ ಒಳ್ಳೇದು ಹೇಳ್ರಿ.

ಉತ್ತರ (ಸಿವಿಲ್ ಎಂಜಿನಿಯರ್, ಶಿವಮೊಗ್ಗದಲ್ಲಿ 22 ವರ್ಷದಿಂದ)

ಮೇಡಂ, ಅಡ್ವಾನ್ಸ್ ಇನ್ನೂ ಕೊಡಬೇಡಿ. ವಿದ್ಯಾನಗರ ಕೆಟ್ಟದು ಅಂತಲ್ಲ. ಏಪ್ರಿಲ್‌ನಲ್ಲಿ ಶಿವಮೊಗ್ಗದ ಎಲ್ಲ ಮನೆಗಳೂ ಚೆನ್ನಾಗೇ ಕಾಣ್ತವೆ, ಅದಕ್ಕೆ ಹೇಳಿದ್ದು.

ಮೊದಲು ನಮ್ಮ ಹೊಳೆ ಕಥೆ ಕೇಳಿ. ಊರಲ್ಲಿ ಬೀಳೋ ಮಳೆ ಅಂಥಾ ದೊಡ್ಡದೇನಲ್ಲ, ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ 7,000 ದಾಟತ್ತೆ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಸುರಿದದ್ದೆಲ್ಲ ತುಂಗೆಗೇ ಸೇರಿ ನಮ್ಮೂರ ಮಧ್ಯೆ ಹರಿದು, ಭದ್ರೆ ಬಂದು ಸೇರೋ ಕೂಡ್ಲಿಗೆ ಹೋಗ್ಬೇಕು. ನಡುವೆ ಗಾಜನೂರಿನಲ್ಲಿ ಅಣೆಕಟ್ಟು ಇದೆ ಅಂತ ಸಮಾಧಾನ ಪಟ್ಕೋಬೇಡಿ. ಭದ್ರಾ ಜಲಾಶಯ ಎಪ್ಪತ್ತೊಂದು ಟಿಎಂಸಿ ಹಿಡಿದ್ರೆ ಗಾಜನೂರು ಹಿಡಿಯೋದು ಬರೀ 3.24. ಹಂಡೆ ಪಕ್ಕ ಚೊಂಬು ಇಟ್ಟಂಗೆ. ಮಳೆಗಾಲ ಶುರುವಾದ ಸ್ವಲ್ಪ ದಿನಕ್ಕೇ ತುಂಬತ್ತೆ, ಆಮೇಲೆ ಮೇಲಿಂದ ಬಂದಷ್ಟನ್ನೂ ಗೇಟ್ ಎತ್ತಿ ಬಿಡ್ತಾರೆ. ಹಾಗಾಗಿ ಊರಲ್ಲಿ ಬಿಸಿಲು ಹೊಡೀತಿರೋವಾಗಲೂ ಹೊಳೆ ಏರ್ತಿರತ್ತೆ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ಒಂದು ಕಲ್ಲಿನ ಮಂಟಪ ಇದೆ. ಜುಲೈ ಬಂತು ಅಂದ್ರೆ ಊರವರೆಲ್ಲ ಕೇಳೋದು ಒಂದೇ, "ಮಂಟಪ ಮುಳುಗ್ತಾ?" ಅದು ಮುಳುಗಿದ್ರೆ ನೋಡೋಕೆ ಜಾತ್ರೆ ಸೇರತ್ತೆ. ಹೊಳೆ ಪಕ್ಕದ ತಗ್ಗಿನ ಬೀದಿಯವರು ಮಾತ್ರ ಆ ಹೊತ್ತಿಗೆ ಅಕ್ಕಿ ಮೂಟೆ ಅಟ್ಟಕ್ಕೆ ಏರಿಸ್ತಿರ್ತಾರೆ. 2019ರ ಆಗಸ್ಟ್‌ನಲ್ಲಿ ಕುಂಬಾರಗುಂಡಿ, ಬಾಪೂಜಿನಗರ, ವಿದ್ಯಾನಗರದ ತಗ್ಗು ಭಾಗ ಎಲ್ಲ ಕಡೆ ಮನೆಯೊಳಗೆ ನೀರು ನುಗ್ಗಿತ್ತು.

ಅದೇ ವಿದ್ಯಾನಗರದಲ್ಲಿ ಎತ್ತರದ ಬೀದಿಗಳಿವೆ, ಅಲ್ಲಿಯವರು ಆವತ್ತೂ ಆರಾಮಾಗಿ ಕಾಫಿ ಕುಡ್ಕೊಂಡು ಕೂತಿದ್ರು. ಅದಕ್ಕೇ ನಾನು ಯಾರಿಗೂ ಏರಿಯಾ ಹೆಸರು ಹೇಳಲ್ಲ, ಬೀದಿ ನೋಡಿ ಅಂತೀನಿ. ಬೀದಿ ನೋಡೋಕೆ ಮಳೆಗಾಲವೇ ಸರಿ. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಒಂದು ಸುತ್ತು ಹಾಕಿದ್ರೆ ಊರೇ ಎಲ್ಲ ಹೇಳತ್ತೆ. ನಿಮಗೆ ಅಷ್ಟು ಟೈಮಿಲ್ಲ. ಹಾಗಾದ್ರೆ ಹೋದ ಮಳೆಗಾಲದ ಗುರುತು ಹುಡುಕಿ.

ಕಾಂಪೌಂಡ್ ಗೋಡೆಯ ಹೊರಮೈ ನೋಡಿ. ಮಣ್ಣಿನ ಬಣ್ಣದ ಗೆರೆ ಅಡ್ಡಕ್ಕೆ ಒಂದೇ ಮಟ್ಟದಲ್ಲಿ ಎಳೆದಂಗೆ ಇದ್ರೆ ಅಲ್ಲಿವರೆಗೆ ನೀರು ನಿಂತಿತ್ತು ಅಂತ ಅರ್ಥ. ಮಾಲೀಕರು ಅವರ ಗೋಡೆಗೆ ಪೇಂಟ್ ಹೊಡೆಸಿರ್ತಾರೆ, ಪಕ್ಕದ ಖಾಲಿ ಸೈಟಿನ ಕಲ್ಲಿಗೆ ಯಾರೂ ಹೊಡೆಸಲ್ಲ, ಅದನ್ನ ನೋಡಿ. ಆಮೇಲೆ ರಸ್ತೆಯಿಂದ ಹೊಸ್ತಿಲಿಗೆ ಎಷ್ಟು ಮೆಟ್ಟಿಲು ಅಂತ ಎಣಿಸಿ. ಹಳೇ ಮನೆಗಳಲ್ಲಿ ಕಾಂಕ್ರೀಟ್ ಮೇಲೆ ಕಾಂಕ್ರೀಟ್ ಹಾಕಿ ರಸ್ತೆ ಏರಿರತ್ತೆ, ಮನೆ ಇದ್ದಲ್ಲೇ ಇರತ್ತೆ. ಹೊಸ್ತಿಲು ರಸ್ತೆಗೆ ಸಮ ಇದ್ರೆ ಬಾಡಿಗೆ ಎಷ್ಟೇ ಕಮ್ಮಿ ಇದ್ರೂ ಬೇಡ. ಮೂರು ಮೆಟ್ಟಿಲು ಇರೋ ಕೆಳಮನೆ ಸಿಕ್ಕಿದ್ರೆ ನಿಮ್ಮ ಅತ್ತೆಯವರಿಗೆ ಹೇಳಿ ಮಾಡಿಸಿದಂಗೆ. ಪಕ್ಕಕ್ಕೊಂದು ಪೈಪಿನ ರೇಲಿಂಗ್ ಹಾಕಿಸಿಕೊಳ್ಳಿ.

ಇನ್ನು ಬಚ್ಚಲು. ಇದನ್ನ ಯಾರೂ ನೋಡಲ್ಲ. ನಾನೂ ನೋಡಿರಲಿಲ್ಲ. ತೀರ್ಥಹಳ್ಳಿ ಬಿಟ್ಟು ಕೆಲಸಕ್ಕೆ ಇಲ್ಲಿಗೆ ಬಂದ ಹೊಸದರಲ್ಲಿ, ಮಾರ್ಚ್ ತಿಂಗಳಲ್ಲಿ ತಗ್ಗಿನ ಬೀದಿಯೊಂದರಲ್ಲಿ ಕೆಳಮನೆ ಹಿಡಿದೆ. ಎಂಜಿನಿಯರ್ ಅನ್ನೋ ಜಂಬ ಬೇರೆ. ಜುಲೈ ಒಂದು ರಾತ್ರಿ ಬೀದಿಯಲ್ಲಿ ನೀರು ಏರ್ತು, ಬಾಗಿಲಿಗೆ ಮರಳು ಚೀಲ ಇಟ್ಟು ಟಾರ್ಚ್ ಹಿಡ್ಕೊಂಡು ಕಾದೆ. ಬಾಗಿಲಿಂದ ಒಂದು ಹನಿ ಬರಲಿಲ್ಲ. ಹಿಂದೆ ಗುಳುಗುಳು ಸದ್ದು. ತಿರುಗಿ ನೋಡಿದ್ರೆ ಬಚ್ಚಲಿನ ತೂತಿಂದ ಚರಂಡಿ ನೀರು ಉಕ್ಕಿ ಅಡುಗೆಮನೆವರೆಗೆ ಬಂದಿದೆ. ಬೀದಿಯ ಯುಜಿಡಿ, ಅಂದ್ರೆ ಒಳಚರಂಡಿ ಛೇಂಬರ್ ತುಂಬಿದ್ರೆ ಅದರ ನೀರು ತಗ್ಗಿನ ಮನೆಯ ನಹಾನಿ ಟ್ರ್ಯಾಪ್ (ಬಚ್ಚಲಿನ ತೂತು) ಹುಡುಕ್ಕೊಂಡು ವಾಪಸ್ ಬರತ್ತೆ. ಅದಕ್ಕೆ ಮನೆಯ ಬಚ್ಚಲಿನ ನೆಲ, ಬೀದಿಯ ಮ್ಯಾನ್‌ಹೋಲ್ ಮುಚ್ಚಳ, ಎರಡರಲ್ಲಿ ಯಾವುದು ಮೇಲಿದೆ ನೋಡಿ. ಮುಚ್ಚಳವೇ ಮೇಲಿದ್ರೆ "ನೀರು ವಾಪಸ್ ಬರದಂಗೆ ತಡೆಯೋ ನಾನ್ ರಿಟರ್ನ್ ವಾಲ್ವ್ ಹಾಕಿಸಿದೀರಾ?" ಅಂತ ಕೇಳಿ. ಮಾಲೀಕರು ಕಣ್ಣು ಕಣ್ಣು ಬಿಟ್ರೆ ಉತ್ತರ ಸಿಕ್ಕಂಗೆ.

ಉಬ್ಬಸದವರಿಗೆ ನೆರೆಗಿಂತ ಥಂಡಿಯೇ ದೊಡ್ಡ ಶತ್ರು. ನಮ್ಮಲ್ಲಿ ಮಳೆಗಾಳಿ ಪಡುವಣದಿಂದ, ನೈರುತ್ಯದಿಂದ ಬೀಸತ್ತೆ. ಆ ಕಡೆಯ ಗೋಡೆಗೆ ಸಜ್ಜಾ ಇಲ್ದಿದ್ರೆ ನೀರು ಹೀರಿಕೊಂಡು ಒಳಗಡೆ ಬೂಷ್ಟು ಹಿಡಿಯತ್ತೆ. ಆ ಗೋಡೆಯ ಕಿಟಕಿ ಕೆಳಗಿನ ಮೂಲೆಯಲ್ಲಿ ಹೆಬ್ಬೆರಳು ಒತ್ತಿ ನೋಡಿ. ಪೇಂಟ್ ಹಪ್ಪಳದಂಗೆ ಮುರಿದು ಒಳಗೆ ಬಿಳೀ ಉಪ್ಪು ಪುಡಿ ಉದುರಿದ್ರೆ, ಆ ರೂಮು ಅತ್ತೆಯವರಿಗೆ ಬೇಡ. ಗೋಡೆ ಕಪಾಟಿನ ಬಾಗಿಲು ತೆಗೆದು ಮೂಗು ಹಾಕಿ. ಹೊಸ ಪೇಂಟಿನ ವಾಸನೆ ಗೋಡೆಯಲ್ಲಿ ಬರತ್ತೆ, ಕಪಾಟು ಮಾತ್ರ ನಿಜ ಹೇಳತ್ತೆ. ಬೆಳಿಗ್ಗೆ ಬಿಸಿಲು ಒಂದು ರೂಮಿಗಾದರೂ ಬೀಳಬೇಕು.

ಈಗ ಏರಿಯಾ ಹೆಸರು ಬೇಕೇ ಬೇಕು ಅಂದ್ರೆ ನನ್ನ ಅಭಿಪ್ರಾಯ ಇಷ್ಟು. ರಾಜೇಂದ್ರನಗರ, ರವೀಂದ್ರನಗರ, ಗಾಂಧಿನಗರ, ಜಯನಗರ ಹಳೇ ಬಡಾವಣೆಗಳು, ನೆರಳಿನ ಬೀದಿಗಳು. ನಿಮ್ಮ ಶಾಖೆ ದೂರವಲ್ಲ, ಮೆಗ್ಗಾನ್ ಆಸ್ಪತ್ರೆಗೆ ಆಟೊದಲ್ಲಿ ಹತ್ತು ನಿಮಿಷ. ಮನೆ ಹಳೇದಿರತ್ತೆ, ಅಡುಗೆಮನೆ ಚಿಕ್ಕದಿರತ್ತೆ, ಖಾಲಿ ಬೋರ್ಡು ಅಪರೂಪ, ಬಾಯಿಮಾತಲ್ಲೇ ಹೋಗ್ತವೆ. ವಿನೋಬನಗರ ಅಗಲ ರಸ್ತೆ, ಪಾರ್ಕು, ನೂರಡಿ ರಸ್ತೆಯಲ್ಲಿ ಎಲ್ಲ ಅಂಗಡಿ, ಮಕ್ಕಳಿಗೆ ಅನುಕೂಲ. ನೂರಡಿ ರಸ್ತೆಗೇ ತಾಗಿದ ಮನೆ ಮಾತ್ರ ಬೇಡ, ಧೂಳು ಅತ್ತೆಯವರಿಗೆ ಆಗಲ್ಲ. ಯಜಮಾನರು ದಿನಾ ತುಂಗಾ ಸೇತುವೆ ದಾಟಿ ಬಿ.ಎಚ್. ರಸ್ತೆಯಲ್ಲಿ ಮಾಚೇನಹಳ್ಳಿಗೆ ಹೋಗ್ಬೇಕಾಗತ್ತೆ, ಹೋಗಲಿ ಬಿಡಿ. ಮನೆಯಲ್ಲಿ ಗಟ್ಟಿಯಾಗಿರೋರು ದೂರ ಓಡಾಡಬೇಕು, ಮಕ್ಕಳು ಮುದುಕರು ಹತ್ತಿರ ಇರಬೇಕು.

ಇನ್ನೊಬ್ಬ ಸದಸ್ಯರು

ಗೋಪಾಳ ಬಿಟ್ಟೇಬಿಟ್ರಲ್ಲ ಸರ್! ನಾವು ಹದಿನೈದು ವರ್ಷದಿಂದ ಅಲ್ಲೇ ಇದೀವಿ, ಒಂದು ದಿನ ನೀರು ಬಂದಿಲ್ಲ.

ಉತ್ತರ

ಬಿಟ್ಟಿಲ್ಲ ಸ್ವಾಮಿ, ಬರೆಯೋಕೆ ಕೈ ಸೋತಿತ್ತು. ಗೋಪಾಳ ಒಳ್ಳೇ ಜಾಗ, ನಿಶ್ಯಬ್ದ. ನಾಲೆಗೆ ಹತ್ತಿರದ ಬೀದಿ ಆದ್ರೆ ಸಣ್ಣ ಮಗು ಇರೋರು ಬೇಲಿ ಎಲ್ಲಿ ಮುರಿದಿದೆ ಅಂತ ಒಂದು ಸಲ ನಡೆದು ನೋಡ್ಬೇಕು. ಒಂದನೇ ಕ್ಲಾಸಿನ ಹುಡುಗನಿಗೆ ಹರಿಯೋ ನೀರು ಅಂದ್ರೆ ಸಾಕು, ಚಪ್ಪಲಿ ಬಿಡೋದೂ ಮರೆತು ಓಡ್ತಾನೆ.

ಮತ್ತೊಂದು ಪ್ರಶ್ನೆ (ಭದ್ರಾವತಿಯಿಂದ)

ಸರ್, ಇದರಲ್ಲೇ ಕೇಳ್ತೀನಿ. ಸವಳಂಗ ರಸ್ತೆ ಆಚೆ ಒಂದು ಲೇಔಟಲ್ಲಿ ಸೈಟು ಅಗ್ಗಕ್ಕೆ ಬಂದಿದೆ. ಬಿ ಖಾತೆ ಅಂತೆ. "ಈಗ ಸರ್ಕಾರವೇ ಬಿ ಖಾತೆ ಕೊಡ್ತಿದೆ, ಭಯ ಬೇಡ" ಅಂತಾರೆ. ತಗೊಂಡು ಮನೆ ಕಟ್ಟಿ ಬಂದುಬಿಡೋಣ ಅಂತ.

ಉತ್ತರ

ಸರ್ಕಾರ 2025ರ ಫೆಬ್ರವರಿಯಿಂದ ಅಭಿಯಾನ ಮಾಡಿ ಬಿ ಖಾತೆ ಕೊಟ್ಟದ್ದು ನಿಜ. ಅದು ಅನಧಿಕೃತ ಸೈಟುಗಳನ್ನ ತೆರಿಗೆ ಜಾಲಕ್ಕೆ ತರೋಕೆ. ಬಿ ಖಾತೆ ಬಂದ ಮಾತ್ರಕ್ಕೆ ಲೇಔಟ್ ಅಧಿಕೃತ ಆಗಲ್ಲ. ಅಗ್ಗ ಇರೋದೇ ಅದಕ್ಕೆ. ಭೂಪರಿವರ್ತನೆ ಆದೇಶ ಇದೆಯಾ, ಸೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ನಕ್ಷೆ ಇದೆಯಾ, ಆ ನಕ್ಷೆಯಲ್ಲಿ ಪಾರ್ಕು ಅಂತ ತೋರಿಸಿದ ಜಾಗವನ್ನೇ ನಿಮಗೆ ಮಾರ್ತಿಲ್ಲ ತಾನೆ, ಇವಿಷ್ಟು ನೋಡಿ. ಇ-ಖಾತೆ ಇಲ್ದೆ ಈಗ ನೋಂದಣಿ ಆಗಲ್ಲ. ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ಏನಂತಾರೆ ಅನ್ನೋದನ್ನ ಸೈಟಿನ ಅಡ್ವಾನ್ಸಿಗಿಂತ ಮೊದಲೇ ಕೇಳಿಕೊಳ್ಳಿ.

ಇನ್ನೊಂದು, ಅಲ್ಲಿ ಹಳೇ ಗದ್ದೆ ಎಷ್ಟು, ಕೆರೆ ಅಂಚು ಎಷ್ಟು ಅಂತ ಊರಿನ ಹಿರಿಯರನ್ನ ಕೇಳಿ. ಗದ್ದೆ ಮಣ್ಣಲ್ಲಿ ಪಾಯಕ್ಕೆ ಸುರಿಯೋ ದುಡ್ಡಲ್ಲಿ ಸೈಟಿನ ಅಗ್ಗ ಎಲ್ಲ ಕರಗಿಹೋಗತ್ತೆ. ಮಹಾನಗರಪಾಲಿಕೆ ಗಡಿಯಾಚೆ ಆದ್ರೆ ತುಂಗೆ ನೀರು ಬರತ್ತಾ, ಬೋರ್‌ವೆಲ್ಲೇ ಗತಿಯಾ ಅದನ್ನೂ ಕೇಳಿ. ಮೊದಲು ಆ ಕಡೆ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ ಅಂತಲೇ ನಾನು ಹೇಳೋದು. ಯಾರೂ ಕೇಳಲ್ಲ.

ಮತ್ತೊಂದು ಪ್ರಶ್ನೆ (ಬೆಂಗಳೂರಿನಿಂದ)

ನಮ್ಮದು ಮನೆಯಿಂದಲೇ ಕೆಲಸ. ಶಿವಮೊಗ್ಗವೂ ಬೇಡ, ಸೀದಾ ತೀರ್ಥಹಳ್ಳಿ ಹತ್ತಿರ ತೋಟದ ಮನೆ ಹಿಡಿದರೆ? ಮಗುಗೆ ಮೂರು ವರ್ಷ.

ಉತ್ತರ

ನಮ್ಮೂರು, ಬರಬೇಡಿ ಅನ್ನೋಕೆ ಬಾಯಿ ಬರಲ್ಲ. ಆದರೂ ತೋಟದ ಮನೆ ಬೇರೆ, ಪೇಟೆ ಮನೆ ಬೇರೆ. ಗಾಳಿಗೆ ಒಂದು ಮರ ತಂತಿ ಮೇಲೆ ಬಿದ್ರೆ ಕರೆಂಟು ಎರಡು ದಿನ, ಮೂರು ದಿನ ಇಲ್ಲ, ಅದರ ಜೊತೆ ನೆಟ್ಟೂ ಹೋಯ್ತು. ನಿಮ್ಮ ಮೀಟಿಂಗು ಮೆಸ್ಕಾಂ ಲೈನ್‌ಮನ್ ಕೈಲಿರತ್ತೆ. ಬೇಸಿಗೆಯಲ್ಲಿ ಕಾಡಿನ ಅಂಚಿನ ಊರುಗಳಲ್ಲಿ ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಭಯ ಇದೆ. ಅದನ್ನ ಮೊದಲು ಗುರುತಿಸಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಮೂರು ವರ್ಷದ ಮಗುವಿಗೆ ರಾತ್ರಿ ಜ್ವರ ಏರಿದ್ರೆ ಎಷ್ಟು ಹೊತ್ತಲ್ಲಿ ಡಾಕ್ಟರ್ ಹತ್ತಿರ ಹೋಗ್ತೀರಿ ಅಂತ ಯೋಚನೆ ಮಾಡಿ, ತೀರ್ಥಹಳ್ಳಿ ಪೇಟೆಯಲ್ಲೇ ಮನೆ ನೋಡಿ. ತೋಟಕ್ಕೆ ಭಾನುವಾರ ಹೋಗಿ, ಯಾರೂ ಬೇಡ ಅನ್ನಲ್ಲ.

ಮೊದಲು ಕೇಳಿದವರು, ಎರಡು ವಾರದ ನಂತರ

ಸರ್, ಮತ್ತೆ ಬಂದಿದ್ವಿ. ವಿದ್ಯಾನಗರದ ಮನೆಗೇ ಮೊದಲು ಹೋದ್ವಿ. ಪಕ್ಕದ ಖಾಲಿ ಸೈಟಿನ ಕಲ್ಲುಕಂಬದಲ್ಲಿ ನನ್ನ ಮೊಣಕಾಲಿನ ಮಟ್ಟಕ್ಕೆ ಗೆರೆ ಇತ್ತು. ನಮ್ಮನೆಯವರು ಏನೂ ಮಾತಾಡಲಿಲ್ಲ, ಗಾಡಿ ತಿರುಗಿಸಿದ್ರು.

ವಿನೋಬನಗರದಲ್ಲಿ ಒಳಬೀದಿಯಲ್ಲಿ ಒಂದು ಮನೆ ನೋಡಿದೀವಿ. ಮೂರು ಮೆಟ್ಟಿಲು, ಪೂರ್ವಕ್ಕೆ ಕಿಟಕಿ. ನಾನು ಬಚ್ಚಲಲ್ಲಿ ಕೂತು ತೂತು ನೋಡಿ, ಕಪಾಟಿನೊಳಗೆ ಮೂಗು ಹಾಕಿ, ಗೋಡೆ ಒತ್ತಿ ಎಲ್ಲ ಮಾಡಿದ್ದಕ್ಕೆ ಮಾಲೀಕರ ಹೆಂಡತಿ "ಬ್ಯಾಂಕಿನೋರು ಅಂದ್ರಲ್ಲ, ಪ್ಲಂಬರ್ರಾ?" ಅಂತ ಕೇಳಿದ್ರು. ಬಾಡಿಗೆ 16 ಸಾವಿರ ಅಂತಾರೆ. ಇಲ್ಲಾಂದ್ರೆ ಭೋಗ್ಯಕ್ಕೆ ಹಾಕ್ಕೊಳ್ಳಿ, ಬಾಡಿಗೆ ಉಳಿಯತ್ತೆ ಅಂತಾರೆ. ಏನ್ ಮಾಡ್ಬೇಕ್ರಿ?

ಉತ್ತರ

ಒಂದು ಸಾವಿರಕ್ಕೆ ಜಗ್ಗಾಡಬೇಡಿ, ಆ ಕಿಟಕಿಗೆ ಅಷ್ಟು ಬೆಲೆ ಇದೆ. ಭೋಗ್ಯ ಬೇಡ. ಲಕ್ಷಗಟ್ಟಲೆ ಕೊಟ್ಟು ಕೂತ ಮೇಲೆ ಮನೆ ಇಷ್ಟ ಆಗ್ಲಿಲ್ಲ ಅಂದ್ರೆ ಎದ್ದು ಹೋಗೋಕಾಗಲ್ಲ. ಮನೆ ಮೇಲೆ ಬ್ಯಾಂಕ್ ಸಾಲ ಇದ್ರಂತೂ ನಿಮ್ಮ ದುಡ್ಡಿಗೆ ಭದ್ರತೆ ಎಲ್ಲಿದೆ, ಅದು ನನಗಿಂತ ನಿಮಗೆ ಗೊತ್ತು. 11 ತಿಂಗಳ ಬಾಡಿಗೆ ಕರಾರು ಮಾಡಿಕೊಳ್ಳಿ. ಮಳೆಗಾಲದಲ್ಲಿ ಸೋರಿದ್ರೆ ಮಾಲೀಕರೇ ರಿಪೇರಿ ಮಾಡಿಸಬೇಕು ಅನ್ನೋದನ್ನ ಅದರಲ್ಲೇ ಬರೆಸಿ, ಬಾಯಿಮಾತು ಬೇಡ.

ಬಟ್ಟೆ ಒಣಗಿಸೋಕೆ ಎಲ್ಲಿ ಅಂತ ನೋಡಿದ್ರಾ? ಟೆರೇಸಿನ ಮೇಲೆ ಶೀಟ್ ಇಲ್ದಿದ್ರೆ ಜುಲೈಯಲ್ಲಿ ಇಬ್ಬರು ಮಕ್ಕಳ ಯೂನಿಫಾರಂ ಒಣಗಲ್ಲ. ಕೀ ತಗೊಳ್ಳೋಕೆ ಮುಂಚೆ ಅದೊಂದು ಕೇಳಿ.