ಸಹಾಯ ಬೇಕು: ಹೈಬ್ರಿಡ್ ಕಾರಿನ ಹೈವೋಲ್ಟೇಜ್ ಲೀಕೇಜ್ ಹುಡುಕುವವರು ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅಣ್ಣನ ಹೈಬ್ರಿಡ್ ಕಾರು ನವನಗರದ ಮನೆ ಮುಂದೆ ನಿಂತುಬಿಟ್ಟಿದೆ. ಸ್ಕ್ಯಾನರ್ ಹಾಕಿದರೆ ಪಿ0ಎಎ6 ಕೋಡ್ ಬರುತ್ತಿದೆ. ಅಂದರೆ ಹೈವೋಲ್ಟೇಜ್ ಲೈನಿನಿಂದ ಚಾಸಿಸ್‌ಗೆ (ಗಾಡಿಯ ಲೋಹದ ಬಾಡಿಗೆ) ಎಲ್ಲೋ ಕರೆಂಟ್ ಸೋರುತ್ತಿದೆ. ಎಲ್ಲಿ ಅಂತ ಈ ಕೋಡ್ ಹೇಳುವುದಿಲ್ಲ.

ಸರ್ವಿಸ್ ಸೆಂಟರಿನವರು ಯಾವ ಟೆಸ್ಟೂ ಮಾಡದೆ ಕಂಟ್ರೋಲ್ ಮಾಡ್ಯೂಲೇ ಬದಲಿಸಿ ಅಂದರು. ಇದು ನನಗೆ ಸರಿ ಕಾಣುತ್ತಿಲ್ಲ. ಸೋರಿಕೆ ಆಗುತ್ತಿದೆ ಅಂತ ತೋರಿಸಿದ್ದೇ ಆ ಮಾಡ್ಯೂಲ್. ಅಷ್ಟಕ್ಕೇ ಅದು ಕೆಟ್ಟಿದೆ ಅಂತಲ್ಲ, ಅಲ್ವಾ?

ನನ್ನ ಅನುಮಾನ ಎಸಿ ಕಂಪ್ರೆಸರ್ ಮೇಲೆ. ಎಸಿ ಹಾಕಿದ ಕೂಡಲೇ ವಾರ್ನಿಂಗ್ ಲೈಟ್ ಹತ್ತುತ್ತದೆ, ಹಾಕದಿದ್ದರೆ ಸ್ವಲ್ಪ ದೂರ ಓಡುತ್ತದೆ. ಬೇಸಿಗೆಯಲ್ಲಿ ಹೊರಗಡೆ ಎಸಿ ಗ್ಯಾಸ್ ತುಂಬಿಸಿದ್ದರು, ಆಗ ತಪ್ಪು ಆಯಿಲ್ ಬಿದ್ದಿರಬಹುದು. ಇಂಥ ಎಲೆಕ್ಟ್ರಿಕ್ ಕಂಪ್ರೆಸರ್‌ಗೆ ಪಿಒಇ ಅನ್ನೋ, ಕರೆಂಟ್ ಹರಿಯಗೊಡದ ಆಯಿಲ್ ಬೇಕು. ಮಾಮೂಲಿ ಪಿಎಜಿ ಆಯಿಲ್ ಬಿದ್ದರೆ ಇನ್ಸುಲೇಷನ್ (ಕರೆಂಟ್ ತಡೆಯುವ ಶಕ್ತಿ) ಇಳಿದುಹೋಗುತ್ತದೆ.

ಕಂಪ್ರೆಸರ್, ಮೋಟರ್, ಕೇಬಲ್ ಒಂದೊಂದನ್ನೇ ಬಿಡಿಸಿ 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ನೋಡುವವರು ಬೇಕು. ಸಾದಾ ಮಲ್ಟಿಮೀಟರಿಗೆ ಇದು ಸಿಗುವುದು ಕಷ್ಟ. ಗೋಕುಲ ರೋಡ್ ಕಡೆ ಒಬ್ಬರು ಬರಿಗೈಯಲ್ಲೇ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಬಿಚ್ಚಲು ಹೊರಟಿದ್ದರು, ನಾನೇ ಬೇಡ ಅಂದೆ. ಜೀವದ ಪ್ರಶ್ನೆ ಇದು. 1000 ವೋಲ್ಟಿನ ರಬ್ಬರ್ ಗ್ಲೌಸ್ ಹಾಕಿ, ಹೈವೋಲ್ಟೇಜ್ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಇಳಿಯುವವರೆಗೆ ಕಾಯ್ದು, ವೋಲ್ಟೇಜ್ ಇಲ್ಲ ಅಂತ ಅಳೆದು ನೋಡಿಯೇ ಕೈ ಹಾಕುವವರಾಗಿರಬೇಕು.

ಗದಗ, ಹಾವೇರಿಯವರಾದರೂ ಪರವಾಗಿಲ್ಲ, ಗಾಡಿಯನ್ನು ಟೋಯಿಂಗ್ ಮಾಡಿಸಿ ತರುತ್ತೇವೆ. ಇದೇ ಕೋಡ್ ಬಂದು ರಿಪೇರಿ ಮಾಡಿಸಿದವರು ಇದ್ದರೆ, ಕೊನೆಗೆ ಯಾವ ಪಾರ್ಟ್ ಕೆಟ್ಟಿತ್ತು ಅಂತ ದಯವಿಟ್ಟು ತಿಳಿಸಿ.